ಇಳಿದ ವೇಳೆ

ಹಾರಿದ ವೇಳೆ, ಇಳಿದ ವೇಳೆ, ಷರಾ.
ದಳದ ದಿನಚರಿಯಲ್ಲಿ ಇರುವುದು ಇಷ್ಟೇ ಕಲಂ.
ಮೂವತ್ತೊಂದು ವರ್ಷ ಹೊಸೂರಿನ ಕಾರ್ಖಾನೆಯಲ್ಲಿ
ಕೂದಲೆಳೆಯ ಹೆಚ್ಚುಕಡಿಮೆಗೆ ಬಿಡಿಭಾಗ ತಿರಸ್ಕರಿಸಿದ ನನಗೆ
ತುಂಬದ ಮನೆ ಕಂಡರೆ ಕೈ ತುರಿಸುತ್ತದೆ.

ನಕಲು ಬರುವುದು ಲಂಡನ್ನಿನಿಂದ, ಪುಟಕ್ಕೆ ಇಷ್ಟೆಂದು ದುಡ್ಡು.
ಪಿಂಚಣಿಯಲ್ಲಿ ಒಂದು ಯುದ್ಧ ಕೊಳ್ಳುತ್ತಿದ್ದೀರಿ
ಎನ್ನುತ್ತಾಳೆ ಕಮಲಾಕ್ಷಿ, ಅಕ್ಕಿ ಆರಿಸುತ್ತ.
ನಿಜ. ಕಂತಿನಲ್ಲಿ.

ನಲವತ್ತನಾಲ್ಕರ ನವೆಂಬರಿನವರೆಗೆ ಬಂದಿದ್ದೇನೆ.
ಎಂಟು ಜನರ ವಿಮಾನ. ಬಾಲದ ಬಂದೂಕಿನವನಿಗೆ ಹತ್ತೊಂಬತ್ತು.
ಅವನ ತಂಗಿ ಕೆನಡಾದಿಂದ ಇನ್ನೂ ಬರೆಯುತ್ತಾಳೆ:
ಅಲ್ಲಿಯ ಸೆಕೆ ಅವನಿಗೆ ಒಗ್ಗಿತ್ತೇ?
ಹಾರಿದ ವೇಳೆ ಇದೆ. ಇಳಿದ ವೇಳೆಯ ಮನೆಯಲ್ಲಿ
ಗುಮಾಸ್ತ ಅಡ್ಡಗೆರೆ ಎಳೆದಿದ್ದಾನೆ,
ಅಳತೆಪಟ್ಟಿ ಇಟ್ಟು, ನೇರವಾಗಿ.
ಸೆಕೆಯ ಬಗ್ಗೆ ಏನೂ ಇಲ್ಲ ಎಂದು ಉತ್ತರಿಸಿದೆ.
ಆಮೇಲೆ ಸಿಕ್ಕಿತು: ರೆಕ್ಕೆಯ ಮೇಲೆ ಮೊಟ್ಟೆ ಬೇಯಿಸಿ ತಿಂದರಂತೆ.
ಅದನ್ನೂ ಬರೆದು ಕಳಿಸಿದೆ.

ಅಪ್ಪನ ಹೆಸರು ಎಲ್ಲೂ ಇಲ್ಲ.
ಅವನು ಹಾರಿದವನಲ್ಲ.
ಮತ್ತಿಗಿರಿಯಲ್ಲಿ ಕುದುರೆಗೆ ಲಾಳ ಕಟ್ಟುವವರ ಮಗ ತಿಮ್ಮರಾಯಪ್ಪ,
ಬಂಗಾಳದ ಕೆಂಪು ಮಣ್ಣಿನ ಪಟ್ಟಿಯಲ್ಲಿ
ಬಾಂಬಿನ ಮೂತಿಗೆ ಫ್ಯೂಸು ತಿರುಗಿಸಿ ಕೂರಿಸಿದವ.
ಗೋರರು ಸೀಮೆಸುಣ್ಣ ಹಿಡಿದು ಬಾಂಬಿನ ಮೇಲೆ ಬೈಗುಳ ಗೀಚುತ್ತಿದ್ದರಂತೆ.
ನೀನೂ ಬರೆ ಅಂದರಂತೆ. ಅಪ್ಪ ಕನ್ನಡದಲ್ಲಿ ಬರೆದ:
ದಾರಿ ತಪ್ಪು.
ಏನದು ಅಂದರೆ, ಜಯವಾಗಲಿ ಅಂತ ಸಾರ್.
ಸಾಯುವತನಕ ಹೇಳಿಕೊಂಡು ನಗುತ್ತಿದ್ದ,
ಕೆಮ್ಮು ಬಂದು ನಗೆಯನ್ನು ನಿಲ್ಲಿಸುವವರೆಗೆ.

ಆ ತಿಂಗಳ ಗುರಿಯ ಹೆಸರು ಮೂರು ಬಗೆ:
ಪಿಂಡ, ಪೈಂಡಾ, ಪಿಯಾಂಡೆ.
ಮೊದಲನೆಯದು ಬಂದಾಗಲೆಲ್ಲ ನನ್ನ ಕಣ್ಣು ಕಾಗೆ ಹುಡುಕುತ್ತಿತ್ತು.
ನಕ್ಷೆಯಲ್ಲಿ ಯಾವುದೂ ಇಲ್ಲ.
ಕಡೆಗೆ ಬಸ್‌ಸ್ಟ್ಯಾಂಡಿನ ಹಿಂದೆ, ಬರ್ಮಾದಿಂದ ಬಂದವರ ಲೈನಿನಲ್ಲಿ
ಸೌಂದರವಳ್ಳಿಯಮ್ಮನ ಬಾಗಿಲು ತಟ್ಟಿದೆ.
ತೊಂಬತ್ತರ ಹತ್ತಿರ. ಬಾಯಿಗೆ ಸೆರಗಿಟ್ಟು ನಕ್ಕಳು:
ಪಿಂಡವಲ್ಲಪ್ಪ. ಪ್ಯಿಂದಾ.
ತುಟಿ ಕೂಡಿ ಬಿಡುವಷ್ಟರಲ್ಲಿ
ಒಂದು ಊರು ಹೊರಬಂದು ಕುಳಿತಿತ್ತು ಚಾಪೆಯ ಮೇಲೆ.

ಓದಿ ಹೇಳಿದೆ: ರೈಲು ಅಂಗಳಕ್ಕೆ ಪೆಟ್ಟು. ಫಲಿತಾಂಶ ಉತ್ತಮ.
ಸ್ಟೇಷನ್ನಿಗೆ ಏನೂ ಆಗಲಿಲ್ಲ, ಅಂದಳು ಆಕೆ.
ಮಾರನೆಯ ದಿನವೂ ಗಂಟೆ ಹೊಡೆಯಿತು.
ಹೋಗಿದ್ದು ಮೀನಿನ ಬೀದಿ.
ನಮ್ಮತ್ತೆ ಒಣಮೀನು ತರೋಕೆ ಹೋಗಿದ್ದಳು. ಚೀಲ ಸಿಕ್ಕಿತು.
ದಾರಿ ತಪ್ಪಿ ಬಿತ್ತು ಅಂದರು ಎಲ್ಲರೂ.
ಯಾರ ದಾರಿ, ನೀನೇ ಹೇಳು?

ಲೋಟದಲ್ಲಿ ಕಾಫಿ ಕೆನೆಗಟ್ಟಿತು.
ಸೀಮೆಸುಣ್ಣದ ಮಾತು ನಾಲಿಗೆಯ ಬುಡದಲ್ಲೇ ಉಳಿಯಿತು.
ಅದೇ ಬಾಂಬೋ, ಬೇರೆಯದೋ,
ನೂರಾರು ತಿರುಗಿಸಿದ ಕೈ.
ಅಳತೆಗೆ ಸಿಗದ್ದನ್ನು ಬದಿಗಿಡು ಎಂಬುದು ಕಾರ್ಖಾನೆಯ ನಿಯಮ,
ಬದಿ ಎಲ್ಲಿದೆ ಎಂದು ಅಲ್ಲಿ ಕೇಳುವ ಹಾಗಿರಲಿಲ್ಲ.

ರಾತ್ರಿ ಏಳನೆಯ ಅಧ್ಯಾಯ ತೆಗೆದೆ.
ಫಲಿತಾಂಶ ಉತ್ತಮ ಎಂಬುದನ್ನು ಹೊಡೆದುಹಾಕಲಿಲ್ಲ, ಅದೂ ದಾಖಲೆ.
ಪಕ್ಕದಲ್ಲಿ ಇನ್ನೊಂದು ಕಲಂ ಎಳೆದೆ. ತಲೆಬರಹ ಹೊಳೆಯಲಿಲ್ಲ.
ಒಂದು ಚೀಲ, ಎಂದು ಬರೆದೆ.
ಅಪ್ಪನ ಎರಡು ಪದ ಬರೆದೆ, ಅಳಿಸಿದೆ, ಮತ್ತೆ ಬರೆದೆ,
ಪೆನ್ಸಿಲಿನಲ್ಲಿ.

ನಾಳೆ ಹೋಗಿ ಊರಿನ ಹೆಸರು ಇನ್ನೊಮ್ಮೆ ಹೇಳಿಸಿಕೊಳ್ಳಬೇಕು,
ಒತ್ತು ಎಲ್ಲಿ, ದೀರ್ಘ ಎಲ್ಲಿ,
ಆಕೆ ಇರುವಾಗಲೇ.